ಇಳಿಜಾರಿನ ಲೆಕ್ಕ

ದೇಶದ ವಿಪತ್ತು ನಕ್ಷೆಗಳಲ್ಲಿ ಬೆಂಗಳೂರು ನಗರ ಜಿಲ್ಲೆಗೆ ಬಹುಕಾಲ ನಿಶ್ಚಿಂತೆಯ ಬಣ್ಣವೇ ಸಿಕ್ಕಿದೆ. ಭೂಕಂಪದ ವಿಂಗಡಣೆಯಲ್ಲಿ ದಶಕಗಳ ಕಾಲ ಅದು 2ನೇ ವಲಯ, ಅಂದರೆ ಅಪಾಯ ಎಲ್ಲಕ್ಕಿಂತ ಕಡಿಮೆ. ಸಮುದ್ರ ದೂರ, ಚಂಡಮಾರುತ ಬಂದು ನೇರವಾಗಿ ಬಡಿಯುವುದಿಲ್ಲ. ಊರ ನಡುವೆ ಉಕ್ಕಿ ಹರಿಯುವ ದೊಡ್ಡ ಹೊಳೆಯೂ ಇಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿರುವ ಊರಿಗೆ ಪ್ರವಾಹ ಎಲ್ಲಿಂದ ಬಂತು ಎಂದು ದೆಹಲಿಯಲ್ಲಿ ಕೂತ ಅಧಿಕಾರಿ ಕೇಳಿದರೆ ಅವರನ್ನು ದೂರಬೇಕಾಗಿಲ್ಲ. ಅವರ ಮುಂದಿರುವುದು ಜಿಲ್ಲೆಯ ನಕ್ಷೆ.

2025ರ ಮೇ 19ರ ಬೆಳಿಗ್ಗೆ ಇದೇ ಜಿಲ್ಲೆಯ ಹೊರಮಾವು ಬಳಿಯ ಸಾಯಿ ಲೇಔಟಿನಿಂದ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಗೆ ತರಬೇಕಾಯಿತು. ಹಿಂದಿನ ರಾತ್ರಿ ನಗರದಲ್ಲಿ ಸುರಿದದ್ದು ಹೆಚ್ಚುಕಡಿಮೆ 100 ಮಿಲಿಮೀಟರ್. ಆಗುಂಬೆಯಲ್ಲಾಗಿದ್ದರೆ ಅಷ್ಟು ಮಳೆಗೆ ಯಾರೂ ಕತ್ತೆತ್ತಿ ನೋಡುತ್ತಿರಲಿಲ್ಲ. ಅಷ್ಟು ದೂರ ಯಾಕೆ, ಸಾಯಿ ಲೇಔಟಿನಿಂದ ಕೆಲವೇ ಕಿಲೋಮೀಟರ್ ಆಚೆ, ದಂಡಿನ (ಕಂಟೋನ್ಮೆಂಟ್) ಎತ್ತರದ ಬೀದಿಗಳಲ್ಲಿ ಬಿದ್ದ ನೀರು ಬೆಳಗಾಗುವುದರೊಳಗೆ ಇಳಿದು ಹೋಗಿರುತ್ತದೆ. ಆದರೆ ಸಾಯಿ ಲೇಔಟಿನ ನಿವಾಸಿ ಮತ್ತು ದಂಡಿನ ನಿವಾಸಿ ಇಬ್ಬರೂ ಜಿಲ್ಲಾ ಲೆಕ್ಕದಲ್ಲಿ ಒಂದೇ ಅಂಕಿಯೊಳಗಿದ್ದಾರೆ.

ಮನೆಯಲ್ಲಿ ನಾಲ್ಕು ಜನ. ಒಬ್ಬರಿಗೆ 104 ಡಿಗ್ರಿ ಜ್ವರ, ಉಳಿದ ಮೂವರಿಗೆ 98. ಸರಾಸರಿ ತೆಗೆದರೆ 99.5. ಈ ಅಂಕಿಯನ್ನಷ್ಟೇ ಫೋನಿನಲ್ಲಿ ಕೇಳಿದ ಡಾಕ್ಟರು ಕಷಾಯ ಕುಡಿದು ಮಲಗಿ ಅನ್ನುತ್ತಾರೆ. ವಿಪತ್ತಿನ ಅಪಾಯವನ್ನು ಯಾವ ಅಳತೆಯ ತುಂಡಿನಲ್ಲಿ ಲೆಕ್ಕ ಹಾಕುತ್ತೇವೆ ಎನ್ನುವುದರ ಮೇಲೆ ಯಾರು ಕಾಣುತ್ತಾರೆ, ಯಾರು ಕಾಣುವುದಿಲ್ಲ ಎನ್ನುವುದು ನಿರ್ಧಾರವಾಗುತ್ತದೆ. ಈ ಅಧ್ಯಾಯವಿಡೀ ಆ ತುಂಡಿನ ಗಾತ್ರದ ಬಗ್ಗೆ.

ಇಂಥ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರಲ್ಲಿ ಅಮೆರಿಕದವರು ಮುಂದು. ಅಲ್ಲಿನ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿಗೆ (ನಮ್ಮ ತಾಲ್ಲೂಕು, ಜಿಲ್ಲೆಗಳ ನಡುವಿನದೊಂದು ಘಟಕ ಅಂದುಕೊಳ್ಳಿ) ಪ್ರವಾಹ, ಭೂಕಂಪ, ಸುಂಟರಗಾಳಿ, ಕಾಳ್ಗಿಚ್ಚು ಸೇರಿ 18 ಬಗೆಯ ವಿಪತ್ತುಗಳ ಅಪಾಯವನ್ನು ಅಂಕ ಹಾಕಿ ಹೇಳುವ ಸೂಚ್ಯಂಕವನ್ನು ಅಲ್ಲಿನ ತುರ್ತುನಿರ್ವಹಣಾ ಸಂಸ್ಥೆ ಫೆಮಾ 2021ರಲ್ಲಿ ಪೂರ್ತಿಯಾಗಿ ಹೊರತಂದಿತು. ಅದರ ಒಳಗಿನ ಸೂತ್ರ ಕಷ್ಟದ್ದೇನಲ್ಲ. ಒಂದು ವಿಪತ್ತು ವರ್ಷಕ್ಕೆ ಸರಾಸರಿ ಎಷ್ಟು ಸಲ ಬರುತ್ತದೆ, ಅದರ ಬಾಯಿಗೆ ಸಿಕ್ಕುವ ಜನ, ಕಟ್ಟಡ, ಬೆಳೆ ಎಷ್ಟು, ಹಿಂದೆ ಬಂದಾಗ ಅದರಲ್ಲಿ ಎಷ್ಟು ಪಾಲು ಹಾಳಾಗಿತ್ತು, ಈ ಮೂರನ್ನು ಗುಣಿಸಿದರೆ ವರ್ಷಕ್ಕೆ ಇಷ್ಟು ನಷ್ಟ ಎಂಬ ಮೊತ್ತ ಸಿಗುತ್ತದೆ. ಅದನ್ನು ಅಲ್ಲಿನ ಜನರ ಸಾಮಾಜಿಕ ದುರ್ಬಲತೆಯಿಂದ ಹೆಚ್ಚಿಸಿ, ಚೇತರಿಸಿಕೊಳ್ಳುವ ಶಕ್ತಿಯಿಂದ ತಗ್ಗಿಸುತ್ತಾರೆ. ದುರ್ಬಲತೆಯನ್ನು ಹೀಗೆ ಅಂಕಿಗೆ ಇಳಿಸುವ ದಾರಿ ತೋರಿಸಿದವರಲ್ಲಿ ಭೂಗೋಳಶಾಸ್ತ್ರಜ್ಞೆ ಸೂಸನ್ ಕಟರ್ ಮುಖ್ಯರು. 2003ರಲ್ಲಿ ಅವರು ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ ಅಧ್ಯಯನ ಕೌಂಟಿಗಳನ್ನು ವಯಸ್ಸು, ಆದಾಯ, ವಸತಿ, ಉದ್ಯೋಗಗಳಂಥ ಹತ್ತಾರು ಮಾಹಿತಿಗಳಿಂದ ಅಳೆದಿತ್ತು.

ಸೂತ್ರವನ್ನು ನಮ್ಮ ಊರಿಗೆ ತಂದು ನಿಲ್ಲಿಸಿ ನೋಡೋಣ. ಘಟಕವಾಗಿ ಬೆಂಗಳೂರು ಪೂರ್ವ ತಾಲ್ಲೂಕನ್ನು ತೆಗೆದುಕೊಳ್ಳಬಹುದು, ಅದರ ಕಚೇರಿ ಇರುವುದು ಕೆ.ಆರ್. ಪುರದಲ್ಲಿ. ಬರ ಘೋಷಣೆಯಿಂದ ಹಿಡಿದು ಬೆಳೆ ಪರಿಹಾರದವರೆಗೆ ನಮ್ಮ ರಾಜ್ಯ ಯೋಚಿಸುವುದೇ ತಾಲ್ಲೂಕುಗಳಲ್ಲಿ. ಆದರೆ ನೀರು ತಾಲ್ಲೂಕಿನ ಗಡಿ ನೋಡಿ ಹರಿಯುವುದಿಲ್ಲವಾದ್ದರಿಂದ ಮೊದಲು ಇಳಿಜಾರನ್ನು ಅರ್ಥ ಮಾಡಿಕೊಳ್ಳಬೇಕು.

ಬೆಂಗಳೂರು ಕೂತಿರುವುದು ಒಂದು ದಿಣ್ಣೆಯ ಮೇಲೆ. ಉತ್ತರದಿಂದ ದಕ್ಷಿಣಕ್ಕೆ ತುಸು ವಾರೆಯಾಗಿ ಚಾಚಿದ ಈ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಹನಿ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತದೆ. ದಂಡಿನಿಂದ ಕೆ.ಆರ್. ಪುರದವರೆಗಿನ ನಮ್ಮ ಪ್ರದೇಶವೆಲ್ಲ ಪೂರ್ವದ ಇಳಿಜಾರು. ಅದರಲ್ಲಿ ಎರಡು ದಾರಿಗಳಿವೆ. ಶಿವಾಜಿನಗರ, ಭಾರತಿನಗರಗಳ ನೀರು ಹಲಸೂರು ಕೆರೆಗೆ ಇಳಿದು, ಅಲ್ಲಿ ಕೋಡಿ ಹರಿದದ್ದು ಇಂದಿರಾನಗರದ ಮಗ್ಗುಲಲ್ಲಿ ದೊಮ್ಮಲೂರು, ಚಲ್ಲಘಟ್ಟ ದಾಟಿ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ ಹೋಗುತ್ತದೆ. ಇನ್ನೊಂದು ದಾರಿ ಉತ್ತರದ್ದು. ಹೆಬ್ಬಾಳ, ನಾಗವಾರದಿಂದ ಹೊರಟು ಹೊರಮಾವು, ಕಲ್ಕೆರೆ, ರಾಂಪುರದ ಮೇಲೆ ಹಾದು ಕೆ.ಆರ್. ಪುರದಾಚೆಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಸೇರುತ್ತದೆ. ಒಂದರ ಕೋಡಿ ಇನ್ನೊಂದರ ಒಳಹರಿವು. ಈ ಸರಪಳಿಯನ್ನು ಕಟ್ಟಿದವರಿಗೆ ಸೂಚ್ಯಂಕ ಗೊತ್ತಿರಲಿಲ್ಲ, ಇಳಿಜಾರು ಗೊತ್ತಿತ್ತು. ತೂಬು ಎತ್ತುವ ನೀರುಗಂಟಿಗೆ ಯಾವ ಗದ್ದೆಗೆ ನೀರು ಮೊದಲು ನುಗ್ಗುತ್ತದೆ ಎನ್ನುವುದು ಬಾಯಿಪಾಠ.

ದಂಡು ಬೆಂಗಳೂರಿಗೆ ಬಂದದ್ದೂ ಒಂದು ಅಪಾಯದ ಲೆಕ್ಕದಿಂದಲೇ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆ ಮಲೇರಿಯಾಕ್ಕೆ ತತ್ತರಿಸಿತ್ತು. ಒಣ ಹವೆಯ, ನೀರು ನಿಲ್ಲದ ಎತ್ತರದ ನೆಲ ಹುಡುಕಿ 1809ರಲ್ಲಿ ಹಲಸೂರಿನ ಪಕ್ಕಕ್ಕೆ ಬಂದರು. ಎತ್ತರ ದಂಡಿಗೆ ಹೋಯಿತು, ಅದರ ಇಳಿಜಾರಿನಲ್ಲಿ ದಂಡಿಗೆ ಸೊಪ್ಪು, ಮಾಂಸ, ದರ್ಜಿ, ದೋಬಿ ಒದಗಿಸುವವರ ಕಿಕ್ಕಿರಿದ ಪೇಟೆ ಬೆಳೆಯಿತು. ಇಂದಿನ ಶಿವಾಜಿನಗರ ಅದೇ. ಯಾರು ಎತ್ತರದಲ್ಲಿ, ಯಾರು ತಗ್ಗಿನಲ್ಲಿ ಎನ್ನುವುದು ನಮ್ಮ ಪೂರ್ವಭಾಗದಲ್ಲಿ ಎರಡು ನೂರು ವರ್ಷದ ಹಿಂದೆಯೇ ಶುರುವಾದ ಹಂಚಿಕೆ.

ಇನ್ನು ಮಳೆಯ ಕಡೆ ಬರೋಣ. ನಗರದ ಹವಾಮಾನ ಕೇಂದ್ರದಲ್ಲಿ ಸೆಪ್ಟೆಂಬರ್ ತಿಂಗಳಿನ ಮಟ್ಟಿಗೆ ಒಂದೇ ದಿನ ಅತಿ ಹೆಚ್ಚು ಮಳೆ ದಾಖಲಾದದ್ದು 1988ರ ಸೆಪ್ಟೆಂಬರ್ 12ರಂದು, 177.6 ಮಿಲಿಮೀಟರ್. 2014ರ ಸೆಪ್ಟೆಂಬರ್ 26ಕ್ಕೆ 132.3. ದೇಶವಿಡೀ ಟಿವಿಯಲ್ಲಿ ನೋಡಿದ 2022ರ ಸೆಪ್ಟೆಂಬರ್ 5ರ ಮಳೆ 131.6. ಅಂಕಿಗಳನ್ನು ಇನ್ನೊಮ್ಮೆ ನೋಡಿ. 1988ರ ಮಳೆ 2022ರದ್ದಕ್ಕಿಂತ ಮೂರನೇ ಒಂದರಷ್ಟು ಹೆಚ್ಚು. ಆದರೆ ಯಮಲೂರಿನ ವಿಲ್ಲಾಗಳಿಗೆ, ಹೊರವರ್ತುಲ ರಸ್ತೆಯ ಕಚೇರಿಗಳಿಗೆ ನೀರು ನುಗ್ಗಿದ್ದು, ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು 2022ರಲ್ಲಿ. 1988ರಲ್ಲಿ ಅಲ್ಲೆಲ್ಲ ವಿಲ್ಲಾಗಳೂ ಇರಲಿಲ್ಲ, ಕಚೇರಿಗಳೂ ಇರಲಿಲ್ಲ. ಇದ್ದದ್ದು ಗದ್ದೆ, ತೋಟ, ಕೆರೆಯಂಗಳ. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಸೂತ್ರದ ಭಾಷೆಯಲ್ಲೂ ಸರಿಯೇ. ಮಳೆ ಎಷ್ಟೇ ದೊಡ್ಡದಿರಲಿ, ಅದರ ದಾರಿಯಲ್ಲಿರುವುದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ.

ನೆಲ ಬದಲಾದದ್ದರ ಪರಿಣಾಮವನ್ನು ಒಂದು ಸಣ್ಣ ಲೆಕ್ಕದಲ್ಲಿ ಹಿಡಿಯಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30×40 ಅಡಿಯ ಸೈಟಿನ ಮೇಲೆ 100 ಮಿಲಿಮೀಟರ್ ಬಿದ್ದರೆ ಸುಮಾರು 11 ಸಾವಿರ ಲೀಟರ್, ಅಂದರೆ ನಮ್ಮ ಬೀದಿಗೆ ಬರುವ ಸಾಧಾರಣ ಗಾತ್ರದ ಎರಡು ಟ್ಯಾಂಕರ್. ಬೇಸಿಗೆಯಲ್ಲಿ ಅದೇ ನೀರಿಗೆ ದುಡ್ಡು ಕೊಟ್ಟು ಕಾಯುತ್ತೇವೆ ಎನ್ನುವುದು ಪಕ್ಕಕ್ಕಿರಲಿ. ಈಗ ಒಂದು ಚದರ ಕಿಲೋಮೀಟರ್ ಬಡಾವಣೆಯನ್ನು ತೆಗೆದುಕೊಳ್ಳಿ, ಗಂಟೆಗೆ 50 ಮಿಲಿಮೀಟರ್ ವೇಗದಲ್ಲಿ ಮಳೆ ಸುರಿಯುತ್ತಿದೆ. ನೆಲ ತೋಟ, ಹೊಲ ಆಗಿದ್ದರೆ ಹತ್ತರಲ್ಲಿ ಮೂರು ಪಾಲು ಹರಿದುಹೋಗುತ್ತದೆ ಅನ್ನೋಣ. ಆಗ ಕಾಲುವೆಗೆ ಬರುವುದು ಸೆಕೆಂಡಿಗೆ ಸುಮಾರು 4 ಘನ ಮೀಟರ್. ಅದೇ ನೆಲ ತಾರಸಿ, ಡಾಂಬರು, ಟೈಲ್ಸ್ ಆಗಿ ಹತ್ತರಲ್ಲಿ ಒಂಬತ್ತು ಪಾಲು ಹರಿದರೆ ಸೆಕೆಂಡಿಗೆ 12.5 ಘನ ಮೀಟರ್. ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಓಡಿದರೂ ಮೂರು ಮೀಟರ್ ಅಗಲದ ಕಾಲುವೆ ಮೊದಲ ಲೆಕ್ಕಕ್ಕೆ 70 ಸೆಂಟಿಮೀಟರ್ ಆಳ ಇದ್ದರೆ ಸಾಕು, ಎರಡನೆಯದಕ್ಕೆ ಎರಡು ಮೀಟರಿಗಿಂತ ಹೆಚ್ಚು ಬೇಕು. ಕಾಲುವೆ ಮೊದಲಿನದೇ, ಅದರೊಳಗೆ ಹೂಳು, ಹಳೆ ಹಾಸಿಗೆ, ಕಟ್ಟಡ ಒಡೆದ ಡೆಬ್ರಿ. ಮಿಕ್ಕದ್ದು ಮನೆಯೊಳಗೆ.

ಈ ಲೆಕ್ಕದ ಪಾಲುಗಳು ಗಾಳಿಯಲ್ಲಿ ಹುಟ್ಟಿದ್ದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳನ್ನು ಹಿಡಿದು ತೋರಿಸಿರುವಂತೆ 1973ರಲ್ಲಿ ನಗರದ ನೆಲದಲ್ಲಿ ಕಟ್ಟಡ, ರಸ್ತೆ ಆವರಿಸಿದ್ದು ಶೇ 8ರ ಆಸುಪಾಸು. ಈಗ ಮುಕ್ಕಾಲು ಪಾಲು ದಾಟಿದೆ. ಮಳೆನೀರು ನಿರ್ವಹಣೆಯ ಬಗ್ಗೆ ಮಹಾಲೇಖಪಾಲರು 2021ರಲ್ಲಿ ಕೊಟ್ಟ ವರದಿ, 1800ರ ಆರಂಭದಲ್ಲಿ 1,452 ಇದ್ದ ಜಲಮೂಲಗಳು 2016ಕ್ಕೆ 194ಕ್ಕೆ ಇಳಿದದ್ದನ್ನು ದಾಖಲಿಸಿತು. ಕೆರೆ ಅಂದರೆ ನೀರು ತುಂಬುವ ಜಾಗ ಮಾತ್ರವಲ್ಲ, ನೀರಿನ ಓಟವನ್ನು ತಡೆದು ತಡಮಾಡಿ ಬಿಡುವ ಏರ್ಪಾಡು. ಮೇಲಿನ ಹತ್ತು ಕೆರೆಗಳು ಒಂದೊಂದು ಗಂಟೆ ಹಿಡಿದುಕೊಂಡರೆ ಕೆಳಗಿನವರಿಗೆ ನೆರೆ ರಾತ್ರಿಯಿಡೀ ಹಂಚಿ ಬರುತ್ತದೆ. ಅವು ಇಲ್ಲದಿದ್ದರೆ ಎಲ್ಲವೂ ಒಟ್ಟಿಗೆ, ಒಂದೇ ಗಂಟೆಯಲ್ಲಿ ಬಂದು ಬೀಳುತ್ತದೆ.

ಸಾಯಿ ಲೇಔಟಿನಲ್ಲಿ ಹೀಗೆ ಬಂದು ಬಿದ್ದ ನೀರಿಗೆ ಇನ್ನೊಂದು ಅಡ್ಡಿ ಇತ್ತು. ತಗ್ಗಿನಲ್ಲಿರುವ ಬಡಾವಣೆ, ಪಕ್ಕದಲ್ಲಿ ರಾಜಕಾಲುವೆ, ಮುಂದೆ ರೈಲು ಹಳಿ. ಹಳಿಯ ದಿಬ್ಬದ ಕೆಳಗೆ ನೀರು ಹಾದುಹೋಗುವ ಕಿಂಡಿಗೆ ಅಧಿಕಾರಿಗಳೂ ನಿವಾಸಿಗಳೂ ‘ವೆಂಟ್’ ಅನ್ನುತ್ತಾರೆ. ಅದು ಕಿರಿದು. ಹೆಬ್ಬಾಳದ ಕಡೆಯಿಂದ ಬರುವ ಕಾಲುವೆಯನ್ನು ಎಷ್ಟೇ ಅಗಲ ಮಾಡಿದರೂ ವೆಂಟಿನಲ್ಲಿ ಹೋಗುವಷ್ಟೇ ಹೋಗುತ್ತದೆ, ಉಳಿದದ್ದು ಹಿಂದಕ್ಕೆ ಕಟ್ಟಿಕೊಳ್ಳುತ್ತದೆ. ಇಡೀ ಕಣಿವೆಯ ಅಪಾಯ ಕೆಲವು ಮೀಟರ್ ಅಗಲದ ಒಂದು ಕಿಂಡಿಯಲ್ಲಿ ಕೂತಿದೆ. ತಾಲ್ಲೂಕಿನ ಅಂಕಿಯಲ್ಲಿ ಅದು ಹೇಗೆ ಕಂಡೀತು? ವಾರ್ಡಿನ ಅಂಕಿಯಲ್ಲೂ ಕಾಣುವುದು ಅನುಮಾನ.

ಸರಿ, ನೀರು ಮನೆಗೆ ಬಂತು. ನಷ್ಟ ಎಷ್ಟು? ಇಲ್ಲಿ ವಿಜ್ಞಾನ ಮನೆಯ ಹೊಸ್ತಿಲು ದಾಟಬೇಕಾಗುತ್ತದೆ. ನೆರೆ ಇಳಿದ ಮೇಲೆ ಸರ್ವೆಗೆ ಹೋದ ಎಂಜಿನಿಯರ್ ಕೇಳುವ ಮೊದಲ ಪ್ರಶ್ನೆ, ‘ನೀರು ಎಲ್ಲೀ ತನಕ ಬಂದಿತ್ತಮ್ಮಾ?’ ಉತ್ತರ ಸೆಂಟಿಮೀಟರಿನಲ್ಲಿ ಬರುವುದಿಲ್ಲ. ‘ಇಲ್ಲೀಗಂಟ ಸಾರ್, ಫ್ರಿಜ್ಜಿನ ಅರ್ಧ ಮುಳುಗಿತ್ತು.’ ಗೋಡೆಯ ಮೇಲೆ ಕಂದು ಗೆರೆ ಇನ್ನೂ ಇರುತ್ತದೆ, ಟೇಪು ಹಿಡಿದು ಅಳೆದುಕೊಳ್ಳುತ್ತಾರೆ. ಇಂಥ ನೂರಾರು ಗೆರೆಗಳನ್ನೂ ಹಾಳಾದ ಸಾಮಾನಿನ ಬೆಲೆಯನ್ನೂ ಜೋಡಿಸಿದಾಗ ನೀರಿನ ಆಳಕ್ಕೂ ನಷ್ಟಕ್ಕೂ ಇರುವ ಸಂಬಂಧದ ರೇಖೆ ಸಿಗುತ್ತದೆ. ಆ ರೇಖೆ ನುಣ್ಣಗೆ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹೊಸ್ತಿಲು ದಾಟದ ನೀರಿನಿಂದ ನಷ್ಟ ಹೆಚ್ಚುಕಡಿಮೆ ಇಲ್ಲ. ದಾಟಿದ ಮರುಕ್ಷಣ ನೆಲದ ಮೇಲಿನ ಹಾಸಿಗೆ, ಅಕ್ಕಿ ಮೂಟೆ ಹೋಯಿತು. ಇನ್ನೊಂದು ಗೇಣು ಏರಿದರೆ ವಾಷಿಂಗ್ ಮೆಷಿನ್ನಿನ ಮೋಟಾರು, ಫ್ರಿಜ್ಜಿನ ಕಂಪ್ರೆಸರ್, ಕೆಳಗಿನ ಪ್ಲಗ್ ಪಾಯಿಂಟು. ಸಂಪಿನ ಮುಚ್ಚಳ ಮುಳುಗಿತೆಂದರೆ ಕುಡಿಯುವ ನೀರಿಗೆ ಚರಂಡಿ ಬೆರೆತಂತೆ. ಕೆಲವು ಮನೆಗಳಲ್ಲಿ ನೀರು ಬಾಗಿಲಿನಿಂದ ಬರುವುದೇ ಇಲ್ಲ, ಯುಜಿಡಿ (ಒಳಚರಂಡಿ) ಉಕ್ಕಿ ಬಚ್ಚಲು, ಕಕ್ಕಸಿನ ಮೂಲಕ ಒಳಗೆ ಏಳುತ್ತದೆ. ಅಂಥ ಕಡೆ ಗೇಟಿಗೆ ಎರಡಡಿ ಇಟ್ಟಿಗೆ ಕಟ್ಟೆ ಕಟ್ಟಿದವರಿಗೆ ಕಟ್ಟೆಯೇ ಮುಳುವಾಗುತ್ತದೆ, ಒಳಗೆ ಬಂದ ನೀರು ಹೊರಗೆ ಹೋಗದು.

ತಗ್ಗಿನ ಬೀದಿಯೊಂದಕ್ಕೆ ಹೋಗಿ ನೋಡಿದರೆ ಜನ ಈ ಮೆಟ್ಟಿಲುಗಳನ್ನು ಕರಾರುವಾಕ್ಕಾಗಿ ಓದಿಕೊಂಡಿರುವುದು ಕಾಣುತ್ತದೆ. ಫ್ರಿಜ್ಜು ಸಿಮೆಂಟ್ ಬ್ಲಾಕಿನ ಮೇಲೆ. ಸ್ವಿಚ್ ಬೋರ್ಡು ಎದೆಮಟ್ಟಕ್ಕೆ. ಆಧಾರ್, ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಸಜ್ಜೆಯ ಮೇಲೆ. ಈ ಸಿದ್ಧತೆ ಯಾವ ಸೂಚ್ಯಂಕಕ್ಕೂ ಸೇರುವುದಿಲ್ಲ. ಸೇರಿಸಿದರೆ ಎರಡು ಕೆಲಸವಾಗುತ್ತಿತ್ತು: ನಷ್ಟದ ಅಂದಾಜು ಸರಿಯಾಗುತ್ತಿತ್ತು, ಮತ್ತು ಬ್ಲಾಕಿನ ಎತ್ತರ ನೋಡಿಯೇ ಆ ಬೀದಿಯಲ್ಲಿ ನೀರು ಎಷ್ಟು ಆಳ ನಿಲ್ಲುತ್ತದೆ ಎಂದು ಹೇಳಬಹುದಿತ್ತು.

ಆಳದಷ್ಟೇ ಮುಖ್ಯ ವೇಗ. ರಭಸದ ನೀರು ಪಾದದ ಗಂಟು ದಾಟಿದರೆ, ಅಂದರೆ 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನೇ ಕೆಡವಬಲ್ಲದು. 60 ಸೆಂಟಿಮೀಟರಿನಲ್ಲಿ ಬಹುತೇಕ ಕಾರುಗಳು ತೇಲಿ ಹೋಗುತ್ತವೆ. 2022ರ ಜೂನ್‌ನಲ್ಲಿ ಕೆ.ಆರ್. ಪುರದ ಗಾಯತ್ರಿ ಲೇಔಟಿನಲ್ಲಿ ತನ್ನ ಬೈಕನ್ನು ಉಳಿಸಿಕೊಳ್ಳಲು ಹೋದ ಯುವ ಎಂಜಿನಿಯರ್ ರಾಜಕಾಲುವೆಯಲ್ಲಿ ಕೊಚ್ಚಿಹೋದ. ಅಲ್ಲಿ ಮನೆಗೆ ನೀರು ನುಗ್ಗುವ ಅಪಾಯ ಒಂದು ಲೆಕ್ಕ, ಪಕ್ಕದಲ್ಲೇ ತಡೆಗೋಡೆ ಇಲ್ಲದ ಕಾಲುವೆ ಇನ್ನೊಂದು ಲೆಕ್ಕ. ಹಣದಲ್ಲಿ ಅಳೆಯುವ ನಕ್ಷೆ ಮೊದಲನೆಯದನ್ನು ತೋರಿಸುತ್ತದೆ, ಪ್ರಾಣ ತೆಗೆಯುವುದು ಹಲವು ಸಲ ಎರಡನೆಯದು.

ಹಣದ ಮಾತು ಬಂದದ್ದರಿಂದ ಒಂದು ತಕರಾರು. 2022ರ ಆಗಸ್ಟ್ 30ರ ಮಳೆಗೆ ಹೊರವರ್ತುಲ ರಸ್ತೆಯಲ್ಲಿ ನೌಕರರು ಐದು ಗಂಟೆ ಸಿಕ್ಕಿಬಿದ್ದದ್ದರಿಂದ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿನ ಕಂಪನಿಗಳ ಒಕ್ಕೂಟ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಪತ್ರಿಕೆಗಳಲ್ಲಿ ಅಂಕಿ ಬಂತು, ಈಗ ನಾನೂ ಬರೆಯುತ್ತಿದ್ದೇನೆ. ಅದೇ ದಿನ ಕಟ್ಟಡ ಕೆಲಸ ನಿಂತು ಕೂಲಿ ಕಳೆದುಕೊಂಡವರ, ಸೊಪ್ಪಿನ ಗಾಡಿ ಹೊರಡಿಸಲಾರದವರ, ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಸಾಮಾನು ನೆನೆದವರ ನಷ್ಟಕ್ಕೆ ಪತ್ರ ಬರೆಯುವ ಒಕ್ಕೂಟವಿಲ್ಲ. ವಿಮೆ ಇಲ್ಲದವನ ನಷ್ಟಕ್ಕೆ ದಾಖಲೆಯೂ ಇಲ್ಲ. ಹಿಂದಿನ ನಷ್ಟದ ದಾಖಲೆಯಿಂದ ಮುಂದಿನ ಅಪಾಯ ಲೆಕ್ಕ ಹಾಕುವ ಸೂತ್ರಕ್ಕೆ ಇವರೆಲ್ಲ ಕಾಣದವರು. ಒಂದು ವಿಲ್ಲಾದಲ್ಲಿ ಮುಳುಗಿದ ಕಾರು ನೂರು ಶೆಡ್ಡುಗಳ ಪಾತ್ರೆಪಗಡಿಗೆ ಸಮವಾಗುತ್ತದೆ. ಫೆಮಾದ ಸೂಚ್ಯಂಕದ ಮೇಲೂ ಇದೇ ಬಗೆಯ ಆಕ್ಷೇಪವಿದೆ. ಜನ, ಕಟ್ಟಡ ಕಿಕ್ಕಿರಿದ ಲಾಸ್ ಏಂಜಲೀಸ್ ಕೌಂಟಿ ಅದರಲ್ಲಿ ದೇಶಕ್ಕೇ ಮೊದಲು. ಬೆಲೆಬಾಳುವುದು ಹೆಚ್ಚಿರುವಲ್ಲಿ ಅಂಕ ಹೆಚ್ಚಾಗುವುದು ಗುಣಾಕಾರದ ಸ್ವಭಾವ. ದುರ್ಬಲತೆಯ ಅಂಶವನ್ನು ಸೇರಿಸುವುದು ಈ ಓರೆಯನ್ನು ಒಂದಿಷ್ಟು ತಿದ್ದಲೆಂದೇ.

ಅದನ್ನು ಸುಲಭ ಲೆಕ್ಕದಲ್ಲಿ ನೋಡಬಹುದು. ಒಂದು ಮನೆಗೆ 50 ವರ್ಷಕ್ಕೊಮ್ಮೆ 20 ಲಕ್ಷದ ನಷ್ಟ, ಇನ್ನೊಂದಕ್ಕೆ ಐದು ವರ್ಷಕ್ಕೊಮ್ಮೆ ಎರಡು ಲಕ್ಷದ ನಷ್ಟ ಅಂದುಕೊಳ್ಳಿ. ವರ್ಷದ ಸರಾಸರಿ ಎರಡಕ್ಕೂ 40 ಸಾವಿರ. ಮೊದಲನೆಯವರು ಇಂದಿರಾನಗರದಲ್ಲಿ ನೆಲಮಾಳಿಗೆ ಇರುವ ಸ್ವಂತ ಮನೆಯವರಾಗಿದ್ದರೆ ವಿಮೆ ಮಾಡಿಸಿ ನೆಮ್ಮದಿಯಾಗಿರುತ್ತಾರೆ. ಎರಡನೆಯವರು ಕೆ.ಆರ್. ಪುರದ ತಗ್ಗಿನಲ್ಲಿ ನೆಲಮಟ್ಟದ ಬಾಡಿಗೆ ಕೋಣೆಯಲ್ಲಿದ್ದರೆ ಒಂದು ನೆರೆಯ ಕೈಸಾಲ ತೀರುವ ಹೊತ್ತಿಗೆ ಮುಂದಿನದು ಬಂದಿರುತ್ತದೆ. ಸರಾಸರಿಗೆ ಸಾಲ ಕಾಣುವುದಿಲ್ಲ.

‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ ಎಂಬ ಮಾತನ್ನೂ ಇಲ್ಲೇ ಬಗೆಹರಿಸಿಕೊಳ್ಳಬೇಕು, ಯಾಕೆಂದರೆ ಬಿಲ್ಡರುಗಳ ಬಾಯಲ್ಲಿ ಅದು ತುಂಬ ಓಡಾಡುತ್ತದೆ. ಒಮ್ಮೆ ಬಂದರೆ ಇನ್ನು ತೊಂಬತ್ತೊಂಬತ್ತು ವರ್ಷ ಆರಾಮ ಎಂದು ಇದರ ಅರ್ಥವಲ್ಲ. ಪ್ರತಿ ವರ್ಷವೂ ಅಂಥದ್ದೊಂದು ಬರುವ ಸಾಧ್ಯತೆ ನೂರರಲ್ಲಿ ಒಂದು, ಅಷ್ಟೇ. 30 ವರ್ಷದ ಗೃಹಸಾಲ ತೀರಿಸುವಷ್ಟರಲ್ಲಿ ಒಮ್ಮೆಯಾದರೂ ಅದು ಬರುವ ಸಾಧ್ಯತೆ ಶೇ 26. ಹತ್ತು ವರ್ಷಕ್ಕೊಮ್ಮೆ ಬರುವ ಮಳೆಯಾದರೆ ಹತ್ತು ವರ್ಷದೊಳಗೆ ಬರುವ ಸಾಧ್ಯತೆ ಶೇ 65. ಅದೂ ಹಳೆಯ ದಾಖಲೆ ಮುಂದೆಯೂ ಅನ್ವಯಿಸುತ್ತದೆ ಎಂದು ನಂಬಿದರೆ. 2017ರಲ್ಲಿ 1,696 ಮಿಲಿಮೀಟರ್ ಸುರಿದು ವರ್ಷದ ದಾಖಲೆ ಆಯಿತು, ಐದೇ ವರ್ಷದಲ್ಲಿ 2022 ಅದನ್ನು ಮುರಿಯಿತು. 2024ರ ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಬಿದ್ದು, ಜೂನ್ ತಿಂಗಳಿನ ಮಟ್ಟಿಗೆ 1891ರಿಂದ ಇದ್ದ ದಾಖಲೆ ಹೋಯಿತು.

ಅದೇ 2024ರ ಮಾರ್ಚಿನಲ್ಲಿ ಪೂರ್ವದ ಬಡಾವಣೆಗಳು ಟ್ಯಾಂಕರಿಗಾಗಿ ಸಾಲು ನಿಂತಿದ್ದವು. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ನೆರೆಯ ನಕ್ಷೆ, ಬರದ ನಕ್ಷೆ ಎರಡನ್ನೂ ಬೇರೆ ಬೇರೆ ಇಲಾಖೆಗಳಲ್ಲಿ ಬರೆಯುತ್ತಾರೆ. ಇಲ್ಲಿ ಎರಡಕ್ಕೂ ಕಾರಣ ಒಂದೇ: ನೆಲದೊಳಗೆ ಇಂಗದ ನೀರು.

ತುಂಡಿನ ಗಾತ್ರಕ್ಕೆ ವಾಪಸು ಬರೋಣ. ಸಣ್ಣ ತುಂಡಿನಲ್ಲಿ ಲೆಕ್ಕ ಹಾಕಬೇಕೆಂದರೆ ಅಳತೆಯೂ ಸಣ್ಣ ತುಂಡಿನಲ್ಲಿ ಬೇಕು. ಸಂಜೆಯ ಗುಡುಗುಮಳೆಯ ಮೋಡದ ಅಗಲ ಕೆಲವೇ ಕಿಲೋಮೀಟರ್. ಎಚ್‌ಎಎಲ್ ವೀಕ್ಷಣಾಲಯದಲ್ಲಿ ಧೋ ಎಂದು ಸುರಿದು, ನಗರದ ಕೇಂದ್ರದಲ್ಲಿ ನೆಲ ಒದ್ದೆಯಾಗುವಷ್ಟೇ ಬೀಳುವುದು ಇಲ್ಲಿಯವರಿಗೆ ಹೊಸದಲ್ಲ. ಈ ವಿಷಯದಲ್ಲಿ ಕರ್ನಾಟಕ ಹೆಮ್ಮೆಪಡಬಹುದಾದ ಕೆಲಸ ಮಾಡಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾಗಿ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಯಲಹಂಕದ ಸಂಸ್ಥೆ, ಗ್ರಾಮ ಪಂಚಾಯಿತಿಗೊಂದರಂತೆ ತಾನೇ ಮಾಹಿತಿ ಕಳಿಸುವ ಮಳೆಮಾಪಕಗಳನ್ನು ನೆಟ್ಟಿದೆ. ಬೆಂಗಳೂರಿನೊಳಗೇ ಅಂಥವು ಸುಮಾರು ನೂರು ಇವೆ, 15 ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಹೇಳುವ ಸೆನ್ಸರುಗಳಿವೆ. ವಿಜ್ಞಾನ ಸಂಸ್ಥೆಯ ಪಿ.ಪಿ. ಮುಜುಮ್‌ದಾರ್ ಅವರ ತಂಡ ಈ ಕೇಂದ್ರದ ಜೊತೆ ಸೇರಿ ನಗರಕ್ಕೆ ನೆರೆ ಮುನ್ಸೂಚನೆಯ ಮಾದರಿಯನ್ನು ಕಟ್ಟಿತು, ಮುನ್ಸೂಚನೆ ಜನರ ಫೋನಿಗೆ ತಲುಪಲಿ ಎಂದು ‘ಮೇಘ ಸಂದೇಶ’ ಆ್ಯಪ್ ಬಂತು.

ಹೀಗೆ ಬೀದಿಬೀದಿಯ ಲೆಕ್ಕ ಹಿಡಿದು ಊರು ಕಟ್ಟಿದ ಉದಾಹರಣೆ ದಂಡಿನಲ್ಲೇ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. 1891ರ ಜನಗಣತಿಯಲ್ಲಿ 1,00,081 ಇದ್ದ ದಂಡು ಪ್ರದೇಶದ ಜನಸಂಖ್ಯೆ 1901ಕ್ಕೆ 89,599ಕ್ಕೆ ಕುಸಿಯಿತು. ಒಟ್ಟು ಅಂಕಿ ಹಿಡಿದಿದ್ದರೆ ಊರನ್ನೇ ಖಾಲಿ ಮಾಡಬೇಕಿತ್ತು. ಕಿಕ್ಕಿರಿದ, ಗಾಳಿಯಾಡದ, ಇಲಿ ಬಿಲ ತೋಡಬಹುದಾದ ಮಣ್ಣಿನ ಮನೆಗಳತ್ತ ಬೆರಳು ತೋರಿಸಿದ ಮೇಲೆ ಕೆಲಸ ಸ್ಪಷ್ಟವಾಯಿತು. ಫ್ರೇಜರ್ ಟೌನ್ ರೂಪುಗೊಂಡದ್ದು ಹಾಗೆ. ಅಗಲ ಬೀದಿ, ಎತ್ತರದ ತಳಪಾಯ, ಇಲಿ ನುಗ್ಗದ ನೆಲ. ಪುರಸಭೆಯ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ 1914ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಆ ಅಭಿವೃದ್ಧಿಯಲ್ಲಿ ಒಕ್ಕಲೆದ್ದವರು ಯಾರು ಎಂಬ ಕಥೆ ಬೇರೆಯೇ ಇದೆ, ಅದಕ್ಕೆ ಇನ್ನೊಂದು ಅಧ್ಯಾಯ ಬೇಕು.

ಈಗಿನ ಕಷ್ಟ ಅಂಕಿಗಳ ಕೊರತೆಯದಲ್ಲ, ಅವು ಒಂದೆಡೆ ಸೇರದಿರುವುದು. 2025ರ ಮೇ ಮಳೆಯ ಬಳಿಕ ಸರ್ಕಾರ ಹೇಳಿದ ಪ್ರಕಾರ ಪಾಲಿಕೆ ಗುರುತಿಸಿದ್ದ ನೆರೆಪೀಡಿತ ಪ್ರದೇಶಗಳು 210, ಸಂಚಾರ ಪೊಲೀಸರು ಗುರುತಿಸಿದ್ದ ನೀರು ನಿಲ್ಲುವ ಜಾಗಗಳು 132. ಎರಡು ಪಟ್ಟಿ, ಎರಡು ಕಣ್ಣೋಟ. ಪಾಲಿಕೆಗೆ ಮನೆ ಕಾಣುತ್ತದೆ, ಪೊಲೀಸರಿಗೆ ರಸ್ತೆ. ಕಂದಾಯ ಇಲಾಖೆಯ ಹತ್ತಿರ ಮೂರನೆಯದೊಂದಿದೆ, ಬಹುಶಃ ಎಲ್ಲಕ್ಕಿಂತ ಬೆಲೆಬಾಳುವುದು: ಹಳೆಯ ಗ್ರಾಮನಕ್ಷೆ. ಕೆರೆ, ಖರಾಬು, ಕಾಲುವೆಯ ಜೋಡಿ ಗೆರೆ, ಸರ್ವೆ ನಂಬರ್ ಎಲ್ಲ ಅದರಲ್ಲಿವೆ. ಇಲಾಖೆಯ ‘ದಿಶಾಂಕ್’ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡಬಹುದು, ಸೈಟು ಕೊಳ್ಳುವವರು ವಾಸ್ತುವಿಗೆ ಕೊಡುವ ಸಮಯದ ಕಾಲುಭಾಗವನ್ನು ಅದಕ್ಕೆ ಕೊಟ್ಟರೂ ಸಾಕು. 2015ರ ಮಹಾಯೋಜನೆ ಪ್ರಾಥಮಿಕ ರಾಜಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಜಾಗ ಬಿಡಬೇಕು ಅಂದಿತ್ತು. ಕೆರೆ, ಕಾಲುವೆಗಳ ಸುತ್ತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೆಚ್ಚಿಸಿದ್ದ ಅಂತರವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದು ಮಾಡಿತು. ಈ ಮೀಟರುಗಳು ಕಾನೂನಿನವು. ನೆರೆ ಎಲ್ಲಿಯವರೆಗೆ ಹರಡುತ್ತದೆ ಎನ್ನುವುದನ್ನು ಇಳಿಜಾರು ಹೇಳುತ್ತದೆ, ಎಲ್ಲ ಕಡೆ ಒಂದೇ ಅಂತರ ಹಾಕಿದರೆ ಕೆಲವು ಕಡೆ ಅತಿಯಾಗಿ, ಕೆಲವು ಕಡೆ ಏನೂ ಸಾಲದೆ ಹೋಗುತ್ತದೆ.

2025ರ ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಯಿತು. ಶಿವಾಜಿನಗರ, ಸಿ.ವಿ. ರಾಮನ್ ನಗರ ಕ್ಷೇತ್ರಗಳು ಕೇಂದ್ರ ಪಾಲಿಕೆಗೆ ಹೋದವು. ಕೆ.ಆರ್. ಪುರ ಮತ್ತು ಮಹದೇವಪುರ ಸೇರಿ ಪೂರ್ವ ಪಾಲಿಕೆ. ಅಂದರೆ ಹಲಸೂರಿನ ಕೋಡಿ ನೀರು ಒಂದು ಪಾಲಿಕೆಯಲ್ಲಿ ಹುಟ್ಟಿ ಇನ್ನೊಂದರ ತಗ್ಗಿನಲ್ಲಿ ನಿಲ್ಲುತ್ತದೆ, ಹೆಬ್ಬಾಳದ ನೀರು ಉತ್ತರದಿಂದ ಬಂದು ಪೂರ್ವದ ಹೊರಮಾವಿಗೆ ನುಗ್ಗುತ್ತದೆ. ಮೇಲಿನ ಪಾಲಿಕೆ ತನ್ನ ಕಾಲುವೆಗೆ ಕಾಂಕ್ರೀಟ್ ಹಾಕಿ ನೀರನ್ನು ಚುರುಕಾಗಿ ಹೊರಗೆ ಕಳಿಸಿದರೆ ಅದರ ಅಪಾಯದ ಅಂಕ ಇಳಿಯುತ್ತದೆ, ಕೆಳಗಿನದರ ಅಂಕ ಏರುತ್ತದೆ. ಮೇಲಿನವರಿಗೆ ಬಹುಮಾನ, ಕೆಳಗಿನವರಿಗೆ ನೋಟಿಸು. ವಾರ್ಡುವಾರು ಅಪಾಯದ ಅಂಕ ಕೊಡುವುದು ಒಳ್ಳೆಯದೇ, ಆದರೆ ಲೆಕ್ಕ ಹಾಕಬೇಕಾದದ್ದು ಕಣಿವೆಯ ಪ್ರಕಾರ, ಆಮೇಲೆ ಅದನ್ನು ವಾರ್ಡಿಗೆ ಹಂಚಬೇಕು. ಪ್ರತಿ ವಾರ್ಡಿನ ಎದುರು ಎರಡು ಅಂಕ ಇರಬೇಕು ಎನ್ನುವುದು ನನ್ನ ಅಭಿಪ್ರಾಯ: ಇಲ್ಲಿಗೆ ಬರುವ ಅಪಾಯ ಒಂದು, ಇಲ್ಲಿಂದ ಕೆಳಗೆ ಕಳಿಸುವ ಅಪಾಯ ಇನ್ನೊಂದು. ಎರಡನೆಯ ಅಂಕ ಪ್ರಕಟವಾದರೆ ಮೊದಲು ಮುಜುಗರವಾಗುವುದು ಎತ್ತರದ ಬೀದಿಗಳಿಗೆ.

ಅದಕ್ಕೂ ಮೊದಲು ತೀರಾ ಸಾಧಾರಣವಾದ ಒಂದು ಮಾಹಿತಿ ಬೇಕು. ಮಾದರಿಯ ಕಂಪ್ಯೂಟರಿಗೆ ಕಾಲುವೆಯ ಅಗಲ, ಆಳ, ಇಳಿಜಾರು ಕೊಟ್ಟಿರುತ್ತಾರೆ. ಕೊಟ್ಟದ್ದು ಕಾಗದದ ಮೇಲಿನ ಆಳ. ಮೇ ತಿಂಗಳಲ್ಲಿ ಯಾವ ಕಾಲುವೆಯಲ್ಲಿ ಎಷ್ಟು ಅಡಿ ಹೂಳಿದೆ, ಯಾವ ವೆಂಟಿನ ಬಾಯಿಗೆ ಕಸ ಕಟ್ಟಿದೆ, ಹೂಳೆತ್ತಿದ ಬಿಲ್ಲು ಪಾಸಾದದ್ದು ಯಾವುದಕ್ಕೆ ಮತ್ತು ಹೂಳು ನಿಜವಾಗಿ ಎದ್ದದ್ದು ಯಾವುದರಲ್ಲಿ ಎಂಬ ಪಟ್ಟಿಯನ್ನು ವಾರಕ್ಕೊಮ್ಮೆ ಮಾದರಿಗೆ ತುಂಬಿದರೆ 15 ನಿಮಿಷಕ್ಕೊಮ್ಮೆ ಬರುವ ಮಳೆಯ ಅಂಕಿಗೆ ಅರ್ಥ ಬರುತ್ತದೆ. ಅದಕ್ಕೆ ಉಪಗ್ರಹ ಬೇಡ, ಗುರುತು ಹಾಕಿದ ಒಂದು ಬಿದಿರ ಕೋಲು ಮತ್ತು ಅದನ್ನು ಕಾಲುವೆಗೆ ಇಳಿಸಿ ನೋಡಿ ಬರೆದುಕೊಳ್ಳುವ ವಾರ್ಡಿನ ಒಬ್ಬ ನೌಕರ ಸಾಕು.